ಕರೆಯುವ ಹಸುವಿನ ಮೇವು: ಅಳತೆ, ಕ್ರಮ ಮತ್ತು ವರ್ಷದ ಲೆಕ್ಕ

ತುಮಕೂರು, ಮಂಡ್ಯ, ಕೋಲಾರ, ಹಾಸನದ ಕಡೆ ಒಂದೆರಡು ಮಿಶ್ರತಳಿ ಹಸು ಕಟ್ಟಿಕೊಂಡು ಊರಿನ ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಹೈನಿನ ಖರ್ಚಿನ ದೊಡ್ಡ ಪಾಲು ಮೇವಿಗೂ ಪಶು ಆಹಾರಕ್ಕೂ (ಫೀಡ್) ಹೋಗುತ್ತದೆ. ಇಷ್ಟು ಖರ್ಚು ಮಾಡಿದ ಮೇಲೂ ಹಾಲು ಏರದಿದ್ದರೆ, ಫ್ಯಾಟ್ ಕಡಿಮೆ ಬಂದರೆ, ಹಸು ಸಕಾಲಕ್ಕೆ ಬೆದೆಗೆ ಬಾರದಿದ್ದರೆ, ಸಾಕುವವರು ಮೊದಲು ತಳಿಯನ್ನು ದೂರುತ್ತಾರೆ, ಆಮೇಲೆ ಇನ್ನೊಂದು ಚೀಲ ಫೀಡ್ ತರುತ್ತಾರೆ. ಹೆಚ್ಚಿನ ಕೊಟ್ಟಿಗೆಗಳಲ್ಲಿ ಕೊರತೆಯಿರುವುದು ಆಹಾರದ ಒಟ್ಟು ಪ್ರಮಾಣದಲ್ಲಲ್ಲ. ಯಾವುದನ್ನು ಎಷ್ಟು, ಯಾವ ಕ್ರಮದಲ್ಲಿ ಕೊಡಬೇಕು ಎಂಬ ಅಳತೆಯಲ್ಲಿ. ಸುಮಾರು 400 ಕಿಲೋ ತೂಗುವ, ದಿನಕ್ಕೆ 10 ಲೀಟರ್ ಹಾಲು ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವನ್ನು ಮುಂದಿಟ್ಟುಕೊಂಡು ಈ ಅಳತೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದದ್ದು: ನಾವು ಮೇವು ಹಾಕುವುದು ಯಾರಿಗೆ?

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಅವುಗಳಲ್ಲಿ ದೊಡ್ಡದಾದ ಮೆಲುಕು ಚೀಲವು ಬೆಳೆದ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಮತ್ತು ಅದರೊಳಗೆ ಎಣಿಸಲಾಗದಷ್ಟು ಬ್ಯಾಕ್ಟೀರಿಯಾ, ಪ್ರೋಟೋಜೋವಾ ಮತ್ತು ಶಿಲೀಂಧ್ರಗಳು ವಾಸಿಸುತ್ತವೆ. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಹಸುವಿನ ಸ್ವಂತ ಜೀರ್ಣರಸಗಳಿಗೆ ಇಲ್ಲ; ಆ ಕೆಲಸವನ್ನು ಮಾಡುವವು ಈ ಸೂಕ್ಷ್ಮಜೀವಿಗಳೇ. ಹುದುಗು ಬಂದ ದೋಸೆ ಹಿಟ್ಟಿನ ಪಾತ್ರೆಯಂತೆ ಈ ಚೀಲ ಹಗಲೂ ರಾತ್ರಿಯೂ ಹುದುಗುತ್ತಿರುತ್ತದೆ; ಹುದುಗುವಾಗ ಹುಟ್ಟುವ ಆಮ್ಲಗಳು ರಕ್ತಕ್ಕೆ ಸೇರಿ ಹಸುವಿಗೆ ಶಕ್ತಿ ಕೊಡುತ್ತವೆ, ಮತ್ತು ಮುಂದಿನ ಭಾಗಗಳಿಗೆ ಹರಿದುಹೋಗುವ ಸೂಕ್ಷ್ಮಜೀವಿಗಳ ದೇಹವೇ ಹಸುವಿಗೆ ಬೇಕಾದ ಪ್ರೋಟೀನಿನ ದೊಡ್ಡ ಪಾಲನ್ನು ಒದಗಿಸುತ್ತದೆ. ನಾರಿನಿಂದ ಹುಟ್ಟುವ ಅಸಿಟಿಕ್ ಆಮ್ಲವು ಹಾಲಿನ ಕೊಬ್ಬಿಗೆ ಮುಖ್ಯ ಮೂಲವಾದ್ದರಿಂದ, ಒಣಹುಲ್ಲು ಕಡಿಮೆ ಮಾಡಿ ಫೀಡ್ ಹೆಚ್ಚಿಸಿದ ಮನೆಯಲ್ಲಿ ಡೈರಿಯ ಫ್ಯಾಟ್ ಇಳಿಯುತ್ತದೆ.

ಈ ಜೀವಿಗಳು ಬದುಕಲು ಚೀಲದೊಳಗಿನ ಹುಳಿಯ ಮಟ್ಟ ಒಂದು ಮಿತಿಯಲ್ಲಿರಬೇಕು; ಅದನ್ನು ಅಳೆಯುವ ಪಿಎಚ್ 6ರಿಂದ 7ರ ನಡುವೆ ಇದ್ದರೆ ಕ್ಷೇಮ (ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ). ಆ ಸಮತೋಲವನ್ನು ಕಾಯುವುದು ಹಸುವಿನ ಜೊಲ್ಲು. ಒರಟಾದ ಮೇವನ್ನು ಅಗಿದು, ಮೆಲುಕು ಹಾಕಿದಾಗ ಮಾತ್ರ ಜೊಲ್ಲು ಧಾರಾಳವಾಗಿ ಇಳಿಯುತ್ತದೆ, ಮತ್ತು ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ಹುಳಿಯನ್ನು ತಗ್ಗಿಸುತ್ತದೆ. ಮೇವನ್ನು ಒಮ್ಮೆಲೇ ಬದಲಿಸಬಾರದು, ಹಿಂಡಿ-ಬೂಸಾವನ್ನು ಒಂದೇ ಹೊತ್ತಿಗೆ ಸುರಿಯಬಾರದು, ಒಣಮೇವನ್ನು ಪೂರ್ತಿ ನಿಲ್ಲಿಸಬಾರದು ಎಂಬ ನಿಯಮಗಳೆಲ್ಲ ಇದರಿಂದಲೇ ಹುಟ್ಟಿವೆ. ಹೊಸ ಮೇವಿಗೆ ಈ ಜೀವಿಗಳು ಒಗ್ಗಿಕೊಳ್ಳಲು ಹತ್ತು ದಿನದಿಂದ ಎರಡು ವಾರ ಹಿಡಿಯುತ್ತದೆ. ಅಷ್ಟು ಕಾಲಾವಕಾಶವನ್ನು ಎಲ್ಲ ಬದಲಾವಣೆಗಳಿಗೂ ಕೊಡಬೇಕು.

ಹಸುವಿನ ತೂಕ ಅಂದಾಜಿಸುವುದು

ತೂಕ ಗೊತ್ತಿಲ್ಲದೆ ಮೇವಿನ ಲೆಕ್ಕ ಹಾಕಲಾಗದು. ಹಸುವನ್ನು ತೂಗುವ ತಕ್ಕಡಿ ಇಲ್ಲದಿದ್ದರೂ ದರ್ಜಿಯ ಅಳತೆ ಟೇಪು ಸಾಕು. ಹಸು ಸಮತಟ್ಟಾದ ನೆಲದ ಮೇಲೆ ನಾಲ್ಕು ಕಾಲೂರಿ ನೇರವಾಗಿ ನಿಂತಾಗ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಬೇಕು. ಬಳಿಕ ಭುಜದ ಮುಂದಿನ ಮೂಳೆಯ ತುದಿಯಿಂದ ಬಾಲದ ಬುಡದ ಪಕ್ಕದಲ್ಲಿ ಉಬ್ಬಿರುವ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದೇ ಸುತ್ತಳತೆಯಿಂದ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 60 ಇಂಚು ಇದ್ದರೆ ತೂಕ 396 ಕಿಲೋ. ಬೆಳಿಗ್ಗೆ ಮೇವು ಹಾಕುವ ಮೊದಲೇ ಅಳೆದರೆ ಅಂದಾಜು ನಿಜಕ್ಕೆ ಹತ್ತಿರವಾಗಿರುತ್ತದೆ.

ಒಣ ಪದಾರ್ಥದ ಲೆಕ್ಕ

ಹಸಿಮೇವಿನಲ್ಲಿ ಬಹುಪಾಲು ನೀರು. ಆದ್ದರಿಂದ ‘ದಿನಕ್ಕೆ ಎರಡು ಹೊರೆ ಹಾಕುತ್ತೇನೆ’ ಎಂಬ ಮಾತಿನಿಂದ ಹಸುವಿನ ಹೊಟ್ಟೆ ತುಂಬಿತೋ ಇಲ್ಲವೋ ಹೇಳಲಾಗದು. ನೀರನ್ನು ಕಳೆದು ಉಳಿಯುವ ಒಣ ಪದಾರ್ಥವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕರೆಯುವ ಮಿಶ್ರತಳಿ ಹಸುವಿಗೆ ದೇಹತೂಕದ ನೂರಕ್ಕೆ 2.5ರಿಂದ 3ರಷ್ಟು, ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಾಟಿ ಹಸುಗಳಿಗೆ 2ರಿಂದ 2.5ರಷ್ಟು ಒಣ ಪದಾರ್ಥ ದಿನಕ್ಕೆ ಬೇಕು. ನಮ್ಮ 400 ಕಿಲೋ ಹಸುವಿಗೆ ಅದು ಸುಮಾರು 12 ಕಿಲೋ ಆಗುತ್ತದೆ. ರಾಗಿ ಹುಲ್ಲು, ಭತ್ತದ ಹುಲ್ಲು ಮತ್ತು ಪಶು ಆಹಾರದಲ್ಲಿ ನೂರಕ್ಕೆ 90ರಷ್ಟು, ಹಸಿಮೇವಿನಲ್ಲಿ ನೂರಕ್ಕೆ ಸುಮಾರು 20ರಷ್ಟು, ಚೆನ್ನಾಗಿ ಮಾಡಿದ ಸೈಲೇಜ್‌ನಲ್ಲಿ (ಗಾಳಿಯಾಡದಂತೆ ಮುಚ್ಚಿ ಹುದುಗಿಸಿಟ್ಟ ಹಸಿಮೇವು) 30ರಷ್ಟು ಒಣ ಪದಾರ್ಥ ಇರುತ್ತದೆ. ಈ ಮೂರು ಸಂಖ್ಯೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ.

ಪಶು ಆಹಾರವನ್ನು ಹಾಲಿನ ಅಳತೆಗೆ ಹೊಂದಿಸಬೇಕು. ಹಸುವಿನ ಸ್ವಂತ ದೇಹಪೋಷಣೆಗೆ 1.5 ಕಿಲೋ, ಬಳಿಕ ಪ್ರತಿ 2.5 ಲೀಟರ್ ಹಾಲಿಗೆ 1 ಕಿಲೋ ಎಂಬುದು ಹಳೆಯ, ನಂಬಬಹುದಾದ ಸೂತ್ರ. ಹಾಲಿನಲ್ಲಿ ಕೊಬ್ಬು ಹೆಚ್ಚಿರುವ ಎಮ್ಮೆಗೆ ಪ್ರತಿ 2 ಲೀಟರಿಗೆ 1 ಕಿಲೋ. ಹತ್ತು ಲೀಟರ್ ಕೊಡುವ ನಮ್ಮ ಹಸುವಿಗೆ 1.5 ಮತ್ತು 4 ಸೇರಿ 5.5 ಕಿಲೋ ಆಗುತ್ತದೆ. ಅದರಿಂದ ಸುಮಾರು 5 ಕಿಲೋ ಒಣ ಪದಾರ್ಥ ದೊರೆಯುತ್ತದೆ. ಉಳಿದ 7 ಕಿಲೋದಲ್ಲಿ 20 ಕಿಲೋ ಹಸಿಮೇವಿನಿಂದ 4 ಕಿಲೋ, ಮೂರೂವರೆ ಕಿಲೋ ರಾಗಿ ಹುಲ್ಲಿನಿಂದ 3 ಕಿಲೋಗೆ ಸ್ವಲ್ಪ ಹೆಚ್ಚು ಸಿಗುತ್ತದೆ. ಒಟ್ಟು 12 ಕಿಲೋ ದಾಟಿತು. ಹಸುವಿನ ದಿನದ ಊಟ ಇಷ್ಟೇ.

ಈ ತೂಕಗಳನ್ನು ಕಣ್ಣಂದಾಜಿಗೆ ಬಿಡಬಾರದು. ಒಂದೇ ಡಬ್ಬದಲ್ಲಿ ತುಂಬಿದ ಗೋಧಿ ಬೂಸಾ ಹಗುರ, ಹಿಂಡಿ ಅದಕ್ಕಿಂತ ಎಷ್ಟೋ ಭಾರ, ಗುಳಿಗೆ ರೂಪದ ಫೀಡ್ ಇನ್ನೊಂದು ಅಳತೆ. ಡಬ್ಬದ ಲೆಕ್ಕದಲ್ಲಿ ಹಾಕುವವರು ಚೀಲ ಬದಲಾದಾಗಲೆಲ್ಲ ಅರಿವಿಲ್ಲದೆ ಆಹಾರವನ್ನೂ ಬದಲಿಸುತ್ತಿರುತ್ತಾರೆ. ತೂಗುಹಾಕುವ ಸಣ್ಣ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಟ್ಟಿಗೆಯ ತೊಲೆಗೆ ಕಟ್ಟಿ, ಒಮ್ಮೆ ತೂಗಿ, ಡಬ್ಬದ ಒಳಮೈಗೆ ಆ ಆಹಾರದ ಗುರುತು ಹಾಕಿಟ್ಟುಕೊಂಡರೆ ಮನೆಯಲ್ಲಿ ಯಾರು ಮೇವು ಹಾಕಿದರೂ ಅಳತೆ ಒಂದೇ ಆಗಿರುತ್ತದೆ.

ಒಣಮೇವು: ರಾಗಿ ಹುಲ್ಲಿನ ಬೆಲೆ ತಿಳಿಯಬೇಕು

ಹಳೆ ಮೈಸೂರು ಸೀಮೆಯಲ್ಲಿ ರಾಗಿ ಬೆಳೆಯುವ ರೈತರಿಗೆ ಹುಲ್ಲಿನ ಮೆದೆ ದೊಡ್ಡ ಆಸ್ತಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಜೊತೆಗೆ ಅದರಲ್ಲಿರುವ ಆಕ್ಸಲೇಟ್ ಹಸುವಿಗೆ ಸಿಗಬೇಕಾದ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ರಾಗಿ ಹುಲ್ಲು ಅದಕ್ಕಿಂತ ಮೃದು, ಕ್ಯಾಲ್ಸಿಯಂ ಹೆಚ್ಚು, ಹಸುಗಳೂ ಇಷ್ಟಪಟ್ಟು ತಿನ್ನುತ್ತವೆ. ಹೀಗಿರುವಾಗ ಕೊಯ್ಲಿನ ಹೊತ್ತಿಗೆ ರಾಗಿ ಹುಲ್ಲನ್ನು ಮಾರಿ ಬೇಸಿಗೆಯಲ್ಲಿ ಹೆಚ್ಚು ಬೆಲೆಗೆ ಭತ್ತದ ಹುಲ್ಲು ಕೊಳ್ಳುವುದು ಸರಿಯಾದ ವ್ಯವಹಾರವಲ್ಲ. ಉತ್ತರ ಕರ್ನಾಟಕದಲ್ಲಿ ಜೋಳದ ಕಣಿಕೆಗೂ ಇದೇ ಮಾತು ಸಲ್ಲುತ್ತದೆ.

ಇಂಥ ಒಣಹುಲ್ಲು, ಕಣಿಕೆಗಳಲ್ಲಿ ಪ್ರೋಟೀನು ನೂರಕ್ಕೆ 3ರಿಂದ 4ರಷ್ಟು ಮಾತ್ರ ಇರುತ್ತದೆ. ಭತ್ತದ ಹುಲ್ಲನ್ನೇ ನೆಚ್ಚಿಕೊಂಡವರು ಯೂರಿಯಾ ಉಪಚಾರದಿಂದ ಅದರ ಪ್ರೋಟೀನನ್ನು ಸುಮಾರು ಎರಡರಷ್ಟು ಮಾಡಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಬೇಕು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಹುಲ್ಲನ್ನು ಪದರ ಪದರವಾಗಿ ಹರಡುತ್ತ, ಹೂವಿನ ಗಿಡಕ್ಕೆ ನೀರು ಹಾಕುವ ಜಾಲರಿ ಡಬ್ಬದಿಂದ ದ್ರಾವಣವನ್ನು ಸಮನಾಗಿ ಚಿಮುಕಿಸಿ, ಪ್ರತಿ ಪದರವನ್ನೂ ಗಟ್ಟಿಯಾಗಿ ತುಳಿದು, ಕೊನೆಗೆ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ತೆರೆದಾಗ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ಅಮೋನಿಯಾದ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನು ಹೊರತೆಗೆದು, ಗಂಟೆ ಹೊತ್ತು ಗಾಳಿಗೆ ಹರಡಿ, ವಾಸನೆ ತಗ್ಗಿದ ಮೇಲೆ, ಮೊದಲ ವಾರ ಸಾದಾ ಹುಲ್ಲಿನೊಡನೆ ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು, ಏಕೆಂದರೆ ಅವುಗಳ ಮೆಲುಕು ಚೀಲ ಇನ್ನೂ ಬಲಿತಿರುವುದಿಲ್ಲ. ಯೂರಿಯಾ ಕಲಸಿದ ಬಾನಿಯನ್ನು ದನಗಳ ಬಾಯಿಗೆ ಸಿಗುವಲ್ಲಿ ಬಿಡುವುದು ಪ್ರಾಣಾಪಾಯದ ಸಂಗತಿ. ಕೆಲಸ ಮುಗಿದ ಕೂಡಲೇ ತೊಳೆದು ದೂರ ಇಡಬೇಕು.

ಹಸಿಮೇವು: ಹುಲ್ಲಿನ ಜೊತೆಗೆ ಬೇಳೆ ಜಾತಿಯೂ ಇರಲಿ

ನೀರಿನ ಆಸರೆ ಇರುವವರು ಹೈಬ್ರಿಡ್ ನೇಪಿಯರ್ ಎಂಬ ಎತ್ತರದ ಮೇವಿನ ಹುಲ್ಲು ಹಾಕುವುದು ವಾಡಿಕೆ. ಕೊಯಮತ್ತೂರಿನ ಸಿಒ-3, ಸಿಒ-4, ಧಾರವಾಡದ ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ಮೊದಲಾದ ತಳಿಗಳು ಇಲ್ಲಿ ಚೆನ್ನಾಗಿ ಬರುತ್ತವೆ. ನಾಟಿ ಮಾಡಿ 70-75 ದಿನಕ್ಕೆ ಮೊದಲ ಕೊಯ್ಲು, ಬಳಿಕ 45 ದಿನಕ್ಕೊಮ್ಮೆ ಕೊಯ್ಲು ಮಾಡಬೇಕು. ಇನ್ನಷ್ಟು ಬೆಳೆಯಲಿ ಎಂದು ಎರಡು ತಿಂಗಳು ಮೀರಿ ಬಿಟ್ಟರೆ ಕಾಂಡ ಕಟ್ಟಿಗೆಯಾಗುತ್ತದೆ, ಹೊರೆಯ ತೂಕ ಏರುತ್ತದೆ, ಪೋಷಣೆ ಇಳಿಯುತ್ತದೆ. ನೇಪಿಯರಿನಲ್ಲೂ ಆಕ್ಸಲೇಟ್ ಇರುವುದರಿಂದ ವರ್ಷವಿಡೀ ಅದನ್ನೊಂದನ್ನೇ ಕೊಡುವುದು ಒಳ್ಳೆಯದಲ್ಲ.

ಹುಲ್ಲು ಜಾತಿಯ ಮೇವು ಮೂರು ಪಾಲಿದ್ದರೆ ಅಲಸಂದೆ, ಕುದುರೆ ಮಸಾಲೆ (ಲೂಸರ್ನ್), ಅಗಸೆ (ಚೊಗಚೆ) ಸೊಪ್ಪಿನಂಥ ದ್ವಿದಳ ಮೇವು ಒಂದು ಪಾಲು ಇರಬೇಕು. ಮುಸುಕಿನ ಜೋಳದ ಸಾಲಿನ ನಡುವೆ ಅಲಸಂದೆ ಬಿತ್ತುವುದು, ತೋಟದ ಬೇಲಿಯಲ್ಲಿ ಅಗಸೆ, ಗ್ಲಿರಿಸಿಡಿಯಾ ಬೆಳೆಸುವುದು ಖರ್ಚಿಲ್ಲದ ದಾರಿ. ದ್ವಿದಳ ಮೇವು ಸುಮಾರು 10 ಕಿಲೋ ಸಿಕ್ಕಿದರೆ ಪಶು ಆಹಾರದಲ್ಲಿ 1 ಕಿಲೋ ಇಳಿಸಲು ಅಡ್ಡಿಯಿಲ್ಲ. ಒಂದೇ ಒಂದು ಎಚ್ಚರ: ಇಬ್ಬನಿಯಲ್ಲಿ ತೊಯ್ದ ಎಳೆಯ ಕುದುರೆ ಮಸಾಲೆ ಅಥವಾ ಅಲಸಂದೆಯನ್ನು ಹಸಿದ ಹಸುವಿಗೆ ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ. ಮೊದಲು ಒಣಹುಲ್ಲು ತಿನ್ನಿಸಿ, ಸೊಪ್ಪನ್ನು ಬಾಡಿಸಿ, ಹುಲ್ಲಿನೊಂದಿಗೆ ಬೆರೆಸಿ ಕೊಡಬೇಕು.

ಮೇವನ್ನು ಚಾಫ್ ಕಟರ್‌ನಲ್ಲಿ ಒಂದು ಇಂಚಿನಷ್ಟು ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಉಳಿದು ಹಾಳಾಗುವ ದಂಟು ಬಹಳ ಕಡಿಮೆಯಾಗುತ್ತದೆ. ಅದಕ್ಕಿಂತ ನುಣ್ಣಗೆ ಪುಡಿ ಮಾಡುವುದು ಬೇಡ. ಅಗಿಯಲು ಏನೂ ಇಲ್ಲದಿದ್ದರೆ ಜೊಲ್ಲು ಇಳಿಯುವುದಿಲ್ಲ.

ಪಶು ಆಹಾರ: ಕೊಳ್ಳುವುದು ಮತ್ತು ಮನೆಯಲ್ಲಿ ಬೆರೆಸುವುದು

ಕೊಳ್ಳುವವರು ಚೀಲದ ಮೇಲೆ ಮುದ್ರಿಸಿರುವ ಪ್ರೋಟೀನಿನ ಪ್ರಮಾಣವನ್ನು ಓದಬೇಕು. ಕರೆಯುವ ಹಸುವಿಗೆ ನೂರಕ್ಕೆ 20ರಿಂದ 22ರಷ್ಟು ಪ್ರೋಟೀನು ಇರುವ ಆಹಾರ ಸೂಕ್ತ. ಕರ್ನಾಟಕ ಹಾಲು ಮಹಾಮಂಡಳವು ರಾಜಾನುಕುಂಟೆ, ಗುಬ್ಬಿ, ಹಾಸನ, ಧಾರವಾಡ, ಶಿಕಾರಿಪುರದ ಘಟಕಗಳಲ್ಲಿ ತಯಾರಿಸುವ ನಂದಿನಿ ಪಶು ಆಹಾರ ಊರೂರಿನ ಹಾಲು ಉತ್ಪಾದಕರ ಸಂಘಗಳಲ್ಲೇ ದೊರೆಯುತ್ತದೆ.

ಸ್ವಂತ ಮುಸುಕಿನ ಜೋಳ ಇರುವವರು ಮನೆಯಲ್ಲೇ ಮಿಶ್ರಣ ಮಾಡಿಕೊಳ್ಳಬಹುದು. 100 ಕಿಲೋಗೆ ಮುಸುಕಿನ ಜೋಳದ ನುಚ್ಚು 35 ಕಿಲೋ, ಕಡಲೆಕಾಯಿ ಹಿಂಡಿ 20 ಕಿಲೋ, ಹತ್ತಿಕಾಳು ಹಿಂಡಿ 12 ಕಿಲೋ, ಗೋಧಿ ಬೂಸಾ 20 ಕಿಲೋ, ತೊಗರಿ ಅಥವಾ ಉದ್ದಿನ ನುಚ್ಚು ಬೆರೆತ ಹೊಟ್ಟು 10 ಕಿಲೋ, ಖನಿಜ ಮಿಶ್ರಣ 2 ಕಿಲೋ, ಉಪ್ಪು 1 ಕಿಲೋ. ಇದರಲ್ಲಿ ಪ್ರೋಟೀನು ನೂರಕ್ಕೆ 18ರಿಂದ 20ರಷ್ಟು ಬರುತ್ತದೆ. ಖನಿಜವನ್ನೂ ಉಪ್ಪನ್ನೂ ಮೊದಲು ನಾಲ್ಕೈದು ಕಿಲೋ ಬೂಸಾದೊಂದಿಗೆ ಕಲಸಿ, ಬಳಿಕ ಅದನ್ನು ಇಡೀ ರಾಶಿಗೆ ಬೆರೆಸಬೇಕು. ನೇರವಾಗಿ ರಾಶಿಗೆ ಸುರಿದರೆ ಒಂದು ಹಸುವಿಗೆ ಹೆಚ್ಚು, ಇನ್ನೊಂದಕ್ಕೆ ಇಲ್ಲವೇ ಇಲ್ಲ ಎಂಬಂತಾಗುತ್ತದೆ.

ಹಿಂಡಿ ಮತ್ತು ಜೋಳವನ್ನು ಒಣಗಿದ ಜಾಗದಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಬೇಕು. ಮುಗ್ಗಲು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಅದು ಹಸುವಿನ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಮಕ್ಕಳು ಕುಡಿಯುವ ಹಾಲಿನ ವಿಷಯವಾದ್ದರಿಂದ, ಮುಗ್ಗಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಬಳಸುವ ಪದ್ಧತಿಯನ್ನು ಬಿಡಲೇಬೇಕು. ಆ ಚೀಲ ತಿಪ್ಪೆಗೆ ಸೇರಬೇಕು.

ನಮ್ಮ ಮನೆಗಳಲ್ಲಿ ಫೀಡನ್ನು ಕಲಗಚ್ಚಿನೊಂದಿಗೆ ಬಾನಿಯಲ್ಲಿ ನೆನೆಸಿ ಗಂಜಿಯಂತೆ ಕುಡಿಸುವ ರೂಢಿ ಇನ್ನೂ ಬಲವಾಗಿದೆ. ಪ್ರೀತಿಯಿಂದ ಮಾಡುವ ಕೆಲಸವೇ ಆದರೂ ಅದರಿಂದ ಹಸುವಿಗೆ ನಷ್ಟವೇ ಹೆಚ್ಚು, ಏಕೆಂದರೆ ಅಗಿಯದೆ ನುಂಗಿದ ಆಹಾರಕ್ಕೆ ಜೊಲ್ಲು ಬೆರೆಯುವುದಿಲ್ಲ, ಮತ್ತು ಬೇಸಿಗೆಯಲ್ಲಿ ರಾತ್ರಿ ನೆನೆಸಿದ್ದು ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ. ಗುಳಿಗೆಯನ್ನು ಒಣದಾಗಿಯೇ ಕೊಡಬೇಕು. ಪುಡಿ ಮಿಶ್ರಣವನ್ನು ಧೂಳು ಏಳದಷ್ಟು ಮಾತ್ರ ನೀರು ಚಿಮುಕಿಸಿ ಕೊಡಬೇಕು.

ಖನಿಜ, ಉಪ್ಪು, ನೀರು

ಒಂದು ಹೊತ್ತಿನ ಹಾಲಿನ ಬೆಲೆಗಿಂತ ಎಷ್ಟೋ ಕಡಿಮೆ ಖರ್ಚಿನ ಈ ಮೂರನ್ನೇ ಹೆಚ್ಚು ಮಂದಿ ಕಡೆಗಣಿಸುತ್ತಾರೆ. ಹಾಲಿನೊಂದಿಗೆ ದಿನವೂ ಕ್ಯಾಲ್ಸಿಯಂ ಮತ್ತು ರಂಜಕ ಹೊರಹೋಗುತ್ತವೆ. ಸತು, ತಾಮ್ರದಂಥವು ಕಡಿಮೆಯಾದರೆ ಹಸು ಬೆದೆಗೆ ಬರುವುದು ತಡವಾಗುತ್ತದೆ, ಬಂದರೂ ಗಬ್ಬ ನಿಲ್ಲುವುದಿಲ್ಲ. ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 50ರಿಂದ 100 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಬೇಕು. ಮೇಲೆ ಹೇಳಿದ ಮನೆಯ ಮಿಶ್ರಣವನ್ನು 5.5 ಕಿಲೋ ಕೊಡುವವರಿಗೆ 110 ಗ್ರಾಂ ಅದರಲ್ಲೇ ಬರುವುದರಿಂದ ಮತ್ತೆ ಸೇರಿಸಬೇಕಿಲ್ಲ. ಮಣ್ಣಿನಲ್ಲಿ ಯಾವ ಖನಿಜ ಕಡಿಮೆಯೋ ಮೇವಿನಲ್ಲೂ ಅದು ಕಡಿಮೆ. ಇದನ್ನು ಗಮನದಲ್ಲಿಟ್ಟುಕೊಂಡು ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದೆ. ನಿಮ್ಮ ಜಿಲ್ಲೆಗೆ ಹೊಂದುವ ಮಿಶ್ರಣ ಯಾವುದೆಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು.

ನೀರಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ. ಹಸುವಿಗೆ ದೇಹಕ್ಕಾಗಿ 40ರಿಂದ 60 ಲೀಟರ್, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 3ರಿಂದ 4 ಲೀಟರ್ ನೀರು ಬೇಕಾಗುವಾಗ, ದಿನಕ್ಕೆ ಎರಡು ಸಲ ಬಕೆಟ್ ಹಿಡಿದರೆ ಸಾಲದು. ಗೋದಲಿಯ ಪಕ್ಕದಲ್ಲೇ ನೀರಿನ ತೊಟ್ಟಿ ಕಟ್ಟಿಸಿ, ಹಗಲು ರಾತ್ರಿ ಹಸುವಿನ ಬಾಯಿಗೆ ಸಿಗುವಂತೆ ಮಾಡಿ, ವಾರಕ್ಕೊಮ್ಮೆ ಪಾಚಿ ಉಜ್ಜಿ ಸುಣ್ಣ ಬಳಿಯಬೇಕು.

ದಿನದ ಕ್ರಮ

ಬೆಳಿಗ್ಗೆ ಎದ್ದ ಕೂಡಲೇ ಹಸಿದ ಹೊಟ್ಟೆಗೆ ಫೀಡ್ ಸುರಿಯದೆ, ಮೊದಲು ಒಂದಿಷ್ಟು ಒಣಹುಲ್ಲು ಹಾಕಿ, ಹಸು ಅದನ್ನು ತಿನ್ನುವಷ್ಟರಲ್ಲಿ ಕೊಟ್ಟಿಗೆ ಗುಡಿಸಿ, ಕೆಚ್ಚಲು ತೊಳೆದು, ಬಳಿಕ ಪಶು ಆಹಾರ ಕೊಟ್ಟು ಹಾಲು ಕರೆಯಬೇಕು. ಒಂದು ಹೊತ್ತಿಗೆ 2ರಿಂದ 2.5 ಕಿಲೋಗಿಂತ ಹೆಚ್ಚು ಫೀಡ್ ಕೊಡಬಾರದು, 5.5 ಕಿಲೋ ಕೊಡಬೇಕಾದವರು ಮಧ್ಯಾಹ್ನ ಇನ್ನೊಂದು ಹೊತ್ತು ಮಾಡಿಕೊಳ್ಳಬೇಕು. ಹಸಿಮೇವನ್ನು ಹಾಲು ಕರೆದ ಮೇಲೆ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕಬೇಕು. ಉಳಿದ ಒಣಹುಲ್ಲನ್ನು ರಾತ್ರಿಗೆ ಇಟ್ಟರೆ ಹಸು ತಂಪಿನ ಹೊತ್ತಿನಲ್ಲಿ ನಿಧಾನವಾಗಿ ತಿಂದು ಮೆಲುಕು ಹಾಕುತ್ತದೆ. ಬೇಸಿಗೆಯಲ್ಲಂತೂ ಮೇವಿನ ಹೆಚ್ಚಿನ ಪಾಲು ಸಂಜೆ ಮತ್ತು ನಸುಕಿನಲ್ಲೇ ಆಗಬೇಕು. ದಿನವೂ ಅದೇ ಹೊತ್ತು ಪಾಲಿಸುವುದೂ ಅಳತೆಯಷ್ಟೇ ಮುಖ್ಯ.

ಗಬ್ಬ, ಕರು ಹಾಕುವ ಕಾಲ ಮತ್ತು ಕರು

ಗಬ್ಬದ ಕೊನೆಯ 60 ದಿನ ಹಾಲು ಬತ್ತಿಸಲೇಬೇಕು. ಹಾಲಿಲ್ಲ ಎಂಬ ಕಾರಣಕ್ಕೆ ಆ ದಿನಗಳಲ್ಲಿ ಹಸುವನ್ನು ಬರೀ ಹುಲ್ಲಿನ ಮೇಲೆ ಬಿಡುವುದು ಮುಂದಿನ ಸೂಲಿನ ಹಾಲನ್ನು ಕೈಯಾರೆ ಕಳೆದುಕೊಂಡಂತೆ, ಏಕೆಂದರೆ ಹೊಟ್ಟೆಯ ಕರು ವೇಗವಾಗಿ ಬೆಳೆಯುವುದು ಆಗಲೇ. ದೇಹಪೋಷಣೆಯ ಒಂದೂವರೆ ಕಿಲೋ ಜೊತೆಗೆ ಇನ್ನೂ ಒಂದರಿಂದ ಒಂದೂವರೆ ಕಿಲೋ ಪಶು ಆಹಾರ ಕೊಡಬೇಕು. ಹಾಗೆಂದು ಹಸು ಬೊಜ್ಜು ಬೆಳೆಸಲೂ ಬಾರದು. ಬೆನ್ನ ಮೂಳೆ, ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಿಂದ ಒತ್ತಿದರೆ ಮಾತ್ರ ತಾಗುವಷ್ಟು ಮೈ ತುಂಬಿರಬೇಕು.

ಕರು ಹಾಕುವ ಕೊನೆಯ ಮೂರು ವಾರ ಕ್ಯಾಲ್ಸಿಯಂ ದ್ರಾವಣಗಳನ್ನು ಕುಡಿಸುವ ಅಭ್ಯಾಸ ತಪ್ಪು. ಹೊರಗಿನಿಂದ ಧಾರಾಳವಾಗಿ ಬಂದರೆ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ದೇಹದ ವ್ಯವಸ್ಥೆ ಮಂದವಾಗುತ್ತದೆ, ಕರು ಹಾಕಿ ಗಿಣ್ಣು ಹಾಲು ಒಮ್ಮೆಲೇ ಇಳಿದಾಗ ರಕ್ತದ ಕ್ಯಾಲ್ಸಿಯಂ ಕುಸಿದು ಹಸು ಹಾಲು ಜ್ವರದಿಂದ ನೆಲ ಹಿಡಿಯುತ್ತದೆ. ಜ್ವರ ಎಂಬ ಹೆಸರಿದ್ದರೂ ಆಗ ಮೈ ತಣ್ಣಗಿರುತ್ತದೆ, ಕುತ್ತಿಗೆಯನ್ನು ಪಕ್ಕೆಯತ್ತ ತಿರುಗಿಸಿಕೊಂಡು ಮಲಗಿರುತ್ತದೆ. ಅಂಥ ಹಸುವಿಗೆ ಬಾಯಿಂದ ಏನನ್ನೂ ಹುಯ್ಯದೆ ಕೂಡಲೇ ಪಶುವೈದ್ಯರನ್ನು ಕರೆಯಬೇಕು.

ಕರು ಹಾಕಿದ ಮೇಲೆ ಹಾಲು ಆರರಿಂದ ಎಂಟು ವಾರಗಳಲ್ಲಿ ಉಚ್ಛ್ರಾಯಕ್ಕೆ ಏರುತ್ತದೆ, ಆದರೆ ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಕೊರತೆಯನ್ನು ಹಸು ತನ್ನ ಮೈಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಇದನ್ನು ತಡೆಯಲು ಮೊದಲ ದಿನಗಳಲ್ಲಿ 2 ಕಿಲೋ ಪಶು ಆಹಾರದಿಂದ ಆರಂಭಿಸಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸುತ್ತ ಹೋಗಬೇಕು; ಹಾಲು ಏರುವುದು ನಿಂತಲ್ಲಿ ಏರಿಕೆಯೂ ನಿಲ್ಲಬೇಕು. ಬಾಣಂತಿ ಹಸು ಎಂದು ರಾಗಿ ಗಂಜಿ, ಅಕ್ಕಿ ಗಂಜಿಯನ್ನು ಬಕೆಟ್‌ಗಟ್ಟಲೆ ಕುಡಿಸುವುದು ಹೊಟ್ಟೆಯನ್ನು ಹುಳಿಯಾಗಿಸುತ್ತದೆ.

ಕರುವಿಗೆ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಸಿಗಬೇಕು. ಹಸುವಿನ ಕಸ (ಮಾಸು) ಬೀಳುವವರೆಗೆ ಕುಡಿಸಬಾರದು ಎಂಬ ನಂಬಿಕೆಯಿಂದ ಎಷ್ಟೋ ಕರುಗಳು ಸಾಯುತ್ತಿವೆ. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಕರುವಿನ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತ, ಒಂದು ದಿನದೊಳಗೆ ಹೆಚ್ಚುಕಡಿಮೆ ಮುಗಿಯುತ್ತದೆ. 25-30 ಕಿಲೋ ಕರುವಿಗೆ ಮೊದಲ ದಿನ ಎರಡೂವರೆಯಿಂದ ಮೂರು ಲೀಟರ್ ಗಿಣ್ಣನ್ನು ಎರಡು ಮೂರು ಸಲ ಕುಡಿಸಬೇಕು. ಎರಡನೆಯ ವಾರದಿಂದ ಕರು ಆಹಾರ, ಎಳೆಯ ಹುಲ್ಲು, ಶುದ್ಧ ನೀರು ಮುಂದಿಡಬೇಕು.

ಅಪಾಯದ ಸಂದರ್ಭಗಳು

ಮದುವೆ, ಜಾತ್ರೆಗಳಲ್ಲಿ ಮಿಕ್ಕ ಅನ್ನ, ಪಾಯಸವನ್ನು ದನಕ್ಕೆ ಹಾಕಿದಾಗ, ಅಥವಾ ಹಗ್ಗ ಬಿಚ್ಚಿಕೊಂಡ ಹಸು ರಾಗಿ ರಾಶಿಗೆ ಬಾಯಿ ಹಾಕಿದಾಗ, ಮೆಲುಕು ಚೀಲದಲ್ಲಿ ಲ್ಯಾಕ್ಟಿಕ್ ಆಮ್ಲ ಉಕ್ಕಿ ಪಿಎಚ್ 5.5ಕ್ಕಿಂತ ಕೆಳಗಿಳಿಯುತ್ತದೆ. ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ನೀರು ಸಗಣಿ ಬರುತ್ತದೆ, ಹಸು ತೂರಾಡಿ ಮಲಗಿಬಿಡುತ್ತದೆ. ಇದು ಬೆಳಗಾಗಲಿ ಎಂದು ಕಾಯುವ ಕಾಯಿಲೆಯಲ್ಲ. ತಿಂದದ್ದು ಗೊತ್ತಾದ ಕ್ಷಣವೇ, ಲಕ್ಷಣ ಕಾಣುವ ಮೊದಲೇ ವೈದ್ಯರಿಗೆ ಹೇಳಬೇಕು.

ಹೂ ಬಾರದ ಎಳೆಯ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ ಮತ್ತು ಕೊಯ್ದ ಕೂಳೆಯ ಮೇಲೆ ಮಳೆ ಬಿದ್ದು ಚಿಗುರಿದ ಎಳೆ ಸುಳಿಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಮೇದ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿ ಹಸು ಬೀಳಬಹುದು. ಹೂ ಬಂದ ಮೇಲೆಯೇ ಜೋಳದ ಮೇವು ಕೊಯ್ಯುವುದು ಸುರಕ್ಷಿತ.

ಕೊಟ್ಟಿಗೆಯಲ್ಲಿ ನಿಂತು ನೋಡಬೇಕಾದ್ದು

ಲೆಕ್ಕ ಸರಿಯಾಗಿದೆಯೇ ಎಂಬುದನ್ನು ಹಸುವೇ ತೋರಿಸುತ್ತದೆ. ಮೇವು ತಿಂದು ಒಂದೆರಡು ಗಂಟೆಯ ಬಳಿಕ ಮಲಗಿದ ಹಸು ಮೆಲುಕು ಹಾಕುತ್ತಿರಬೇಕು. ಗಂಟಲಿನಿಂದ ಮೇಲೆ ಬಂದ ಒಂದು ತುತ್ತನ್ನು 50ರಿಂದ 60 ಸಲ ಅಗಿದು ನುಂಗಿದರೆ ನಾರು ಸಾಕಷ್ಟಿದೆ ಎಂದು ತಿಳಿಯಬೇಕು, ಮೂವತ್ತು ನಲವತ್ತಕ್ಕೇ ನುಂಗಿದರೆ ಒಣಮೇವು ಕಡಿಮೆಯಾಗಿದೆ. ಎಡ ಪಕ್ಕೆಲುಬಿನ ಹಿಂದಿರುವ ಕುಳಿಯ ಮೇಲೆ ಮುಷ್ಟಿ ಒತ್ತಿ ಹಿಡಿದರೆ ಮೆಲುಕು ಚೀಲ ನಿಧಾನವಾಗಿ ಉಬ್ಬಿ ಮುಷ್ಟಿಯನ್ನು ಹೊರಕ್ಕೆ ದೂಡುವುದು ತಿಳಿಯುತ್ತದೆ. ನಿಮಿಷಕ್ಕೆ ಒಂದೆರಡು ಸಲ ಹೀಗಾಗಬೇಕು. ಸಗಣಿ ಪದರವಾಗಿ ಬಿದ್ದು ನಡುವೆ ಸಣ್ಣ ಕುಳಿ ಇದ್ದರೆ ಸರಿ. ನೀರಾಗಿ ಹರಡಿದರೆ ಫೀಡ್ ಹೆಚ್ಚಾಗಿದೆ, ಗಟ್ಟಿ ಉಂಡೆಯಾದರೆ ನೀರು ಅಥವಾ ಹಸಿಮೇವು ಕಡಿಮೆಯಾಗಿದೆ, ಸಗಣಿಯಲ್ಲಿ ಇಡೀ ಜೋಳದ ಕಾಳು ಕಂಡರೆ ಕಾಳನ್ನು ಒಡೆದು ಹಾಕಬೇಕು.

ಬೇಸಿಗೆಗೆ ಸೈಲೇಜ್

ಫೆಬ್ರುವರಿಯಿಂದ ಮೇ ತಿಂಗಳವರೆಗಿನ ಹಸಿಮೇವಿನ ಬರವೇ ಮಳೆಯಾಶ್ರಿತ ಹೈನುಗಾರರನ್ನು ಹಿಂದಕ್ಕೆ ತಳ್ಳುವುದು. ಎರಡು ಹಸುಗಳಿಗೆ ದಿನಕ್ಕೆ ತಲಾ 15 ಕಿಲೋದಂತೆ 120 ದಿನಕ್ಕೆ 3,600 ಕಿಲೋ ಸೈಲೇಜ್ ಬೇಕು. ವ್ಯರ್ಥವಾಗುವುದನ್ನೂ ಸೇರಿಸಿ 4 ಟನ್ ಹಸಿಮೇವು ಹಿಡಿಯಬೇಕು. ಮುಸುಕಿನ ಜೋಳದ ಆಫ್ರಿಕನ್ ಟಾಲ್ ತಳಿಯನ್ನು ಮುಂಗಾರಿನಲ್ಲಿ 12ರಿಂದ 15 ಗುಂಟೆಯಲ್ಲಿ ಬಿತ್ತಿದರೆ ಇಷ್ಟು ಸಿಗುತ್ತದೆ. ಒಂದು ಘನ ಮೀಟರ್ ಜಾಗದಲ್ಲಿ 500ರಿಂದ 600 ಕಿಲೋ ಹಿಡಿಯುವುದರಿಂದ, ಗುಂಡಿಯಲ್ಲಿ ತುಂಬುವುದಾದರೆ ಮೂರೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರಿಗೆ ಸ್ವಲ್ಪ ಹೆಚ್ಚು ಆಳದ ಗುಂಡಿ ಸಾಕು. ಮಳೆ ನೀರು ನಿಲ್ಲದ ದಿಬ್ಬದಲ್ಲಿ ತೋಡಬೇಕು.

ತೆನೆಯ ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲು ಕಡಿಮೆಯಾಗಿ ಹಿಟ್ಟಿನಂತಾಗುತ್ತಿರುವ ಹಂತ ಕೊಯ್ಲಿಗೆ ಸರಿಯಾದ ಕಾಲ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಟ್ಟು ನೋಡಬೇಕು: ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಅರ್ಧ ದಿನ ಬಾಡಿಸಬೇಕು, ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಕೈ ಬರೀ ತೇವವಾಗಿದ್ದರೆ ತುಂಬಬಹುದು, ಕೂಡಲೇ ಚದುರಿ ಉದುರಿದರೆ ಒಣಗಿಹೋಗಿದೆ ಎಂದರ್ಥ. ಗುಂಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅರ್ಧ ಅಡಿ ಪದರ ಹಾಕುತ್ತ, ಪ್ರತಿ ಪದರವನ್ನೂ ಕಾಲು ಒಳಗಿಳಿಯದಷ್ಟು ತುಳಿಯಬೇಕು. ಸೈಲೇಜ್ ಕೆಡುವುದು ಒಳಗುಳಿದ ಗಾಳಿಯಿಂದ. ಆದ್ದರಿಂದ ಈ ತುಳಿತದಲ್ಲಿ ಅವಸರ ಸಲ್ಲದು. ಮುಸುಕಿನ ಜೋಳಕ್ಕೆ ಬೇರೇನೂ ಸೇರಿಸಬೇಕಿಲ್ಲ. ನೇಪಿಯರ್ ಆದರೆ ಸಿಹಿ ಅಂಶ ಕಡಿಮೆಯಾದ್ದರಿಂದ 100 ಕಿಲೋಗೆ 1ರಿಂದ 2 ಕಿಲೋ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಬೇಕು. ಗುಂಡಿ ತುಂಬುವ ಕೆಲಸ ಒಂದೆರಡು ದಿನದಲ್ಲಿ ಮುಗಿಯಬೇಕು. ಹಾಳೆ ಮುಚ್ಚಿ, ಅಂಚುಗಳಿಗೆ ಮಣ್ಣು ಮೆತ್ತಿ, ಮೇಲೆ ಮಣ್ಣಿನ ಚೀಲಗಳನ್ನಿಟ್ಟು 45 ದಿನ ಬಿಟ್ಟರೆ ಸೈಲೇಜ್ ಸಿದ್ಧ. ಮುಚ್ಚಳ ತೆರೆಯದಿದ್ದರೆ ಬೇಸಿಗೆಯವರೆಗೂ ಕೆಡದೆ ಇರುತ್ತದೆ.

ಒಳ್ಳೆಯ ಸೈಲೇಜ್ ಹಳದಿ ಮಿಶ್ರಿತ ಹಸಿರು ಬಣ್ಣದ್ದಾಗಿ, ಹಿತವಾದ ಹುಳಿ ವಾಸನೆ ಬೀರುತ್ತದೆ. ಕಪ್ಪಾಗಿ ಕೊಳೆತ, ಬೂಷ್ಟು ಹಿಡಿದ ಭಾಗವನ್ನು ತೆಗೆದೆಸೆಯಬೇಕು, ಗಬ್ಬದ ಹಸುವಿಗಂತೂ ಅದು ತಾಗಲೇಬಾರದು. ಒಂದೇ ತುದಿಯಿಂದ ತೆರೆದು, ದಿನವೂ ಮೇಲಿನಿಂದ ತಳದವರೆಗೆ ಅರ್ಧ ಅಡಿಯಷ್ಟು ಕಡಿದು ತೆಗೆದರೆ ಗಾಳಿಗೆ ತೆರೆದ ಮುಖ ಕೆಡಲು ಸಮಯ ಸಿಗುವುದಿಲ್ಲ; ಎರಡೇ ಹಸು ಇರುವವರಿಗೆ ದಿನಕ್ಕೆ ಅಷ್ಟು ಖರ್ಚಾಗದು, ಆದ್ದರಿಂದ ಅವರು ಗುಂಡಿಯ ಬದಲು 50 ಕಿಲೋ ಹಿಡಿಯುವ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಡುವುದೇ ಮೇಲು. ಹಾಲು ಕರೆದ ಮೇಲೆಯೇ ಸೈಲೇಜ್ ಹಾಕಬೇಕು, ಇಲ್ಲದಿದ್ದರೆ ಹಾಲಿಗೆ ಅದರ ವಾಸನೆ ಹತ್ತುತ್ತದೆ. ಆರಂಭದಲ್ಲಿ ದಿನಕ್ಕೆ 5 ಕಿಲೋ ಕೊಟ್ಟು, ಎರಡು ವಾರದಲ್ಲಿ 15 ಕಿಲೋಗೆ ತರಬೇಕು. ಜೂನ್‌ನಲ್ಲಿ ಮಳೆ ಬಿದ್ದು ಹೊಸ ಹಸಿಮೇವು ಕೈಗೆ ಬಂದಾಗಲೂ ಸೈಲೇಜನ್ನು ಅಷ್ಟೇ ನಿಧಾನವಾಗಿ ಇಳಿಸಿ, ಆ ಎರಡು ವಾರ ರಾಗಿ ಹುಲ್ಲಿನ ಪಾಲನ್ನು ಸ್ವಲ್ಪವೂ ಕಡಿಮೆ ಮಾಡದೆ ಮುಂದುವರಿಸಬೇಕು.